ನಾಲ್ಕನೆಯ ತೂತು

ಬುಡನ್‌ಸಾಬನ ಬಗ್ಗೆ ಬರೆಯಲು ನನಗೇನು ಹಕ್ಕು?
ನಾನು ಬರೀ ಬಾಂಗೋ ಬಾರಿಸುತ್ತಿದ್ದವನು,
ಅದೂ ಗಣಪತಿ ಕೂರಿಸುವ ತಿಂಗಳು ಮಾತ್ರ.
ಆದರೂ ಹದಿನಾಲ್ಕು ವರ್ಷ ಅವನ ಬಲಕ್ಕೆ ಕೂತಿದ್ದೇನೆ.
ಅವನ ಉಸಿರು ಎಲ್ಲಿ ಮುಗಿಯುತ್ತದೆಂದು
ಅವನ ಹೆಂಡತಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು.

ದಾವಣಗೆರೆಯ ಮಿಲ್ಲಿನ ಬ್ಲೋ ರೂಮಿನಲ್ಲಿ ಕೆಲಸ.
ಹತ್ತಿ ಬಿಚ್ಚುವ ಯಂತ್ರದ ಮುಂದೆ ಎಂಟು ತಾಸು,
ಹುಬ್ಬು, ಮೀಸೆ, ರೆಪ್ಪೆ ಎಲ್ಲ ಬೆಳ್ಳಗೆ.
ಇಪ್ಪತ್ತೆರಡಕ್ಕೇ ಮುದುಕನಾಗಿ ಗೇಟು ದಾಟಿ
ನಲ್ಲಿಯ ಕೆಳಗೆ ತಲೆ ಹಿಡಿದು
ಮತ್ತೆ ಹುಡುಗನಾಗುತ್ತಿದ್ದ.

ಮೌತಾರ್ಗನ್ ಹಚ್ಚಿದವನು ರೈಲ್ವೆ ಗಾರ್ಡು ರೊಸಾರಿಯೊ.
ಹುಬ್ಬಳ್ಳಿ ಕಡೆಯ ಗೂಡ್ಸು ಸಿಗ್ನಲ್ಲಿಗೆ ನಿಂತಾಗ
ಕಡೆಯ ಡಬ್ಬಿಯ ಮೆಟ್ಟಿಲ ಮೇಲೆ ನುಡಿಸುತ್ತಿದ್ದನಂತೆ.
ಎಲ್ಲರ ಹಾಗಲ್ಲ. ಉಸಿರನ್ನು ಒಳಕ್ಕೆಳೆದು
ಸ್ವರದ ಕತ್ತು ಹಿಡಿದು ಬಗ್ಗಿಸಿ,
ಅತ್ತೂ ಅಳದ ಹಾಗೆ.
"ಯಾರ ಹಾಡ್ರೀ ಇದು?"
"ಸಮುದ್ರದಾಚೆಯ ಕರಿಯ ಜನರದು. ಹತ್ತಿ ಬಿಡಿಸುತ್ತಿದ್ದರಂತೆ."
"ಅವ್ರು ಬಿಡಿಸಿದ್ದನ್ನ ಬಿಚ್ಚೋರು ಯಾರ್ರೀ?"
ಗಾರ್ಡು ನಕ್ಕು ಹಸಿರು ಬಾವುಟ ಬೀಸಿದ.
ಮುಂದಿನ ತಿಂಗಳು ಆ ಬಾಜಾ ಇವನ ಜೇಬಿನಲ್ಲಿತ್ತು.
ಕೊಂಡದ್ದೋ, ಕೊಟ್ಟದ್ದೋ, ಇಬ್ಬರೂ ಹೇಳಲಿಲ್ಲ.

ಬೆಳಗಿನ ಏಳರ ಸೈರನ್ನು, ಮಧ್ಯಾಹ್ನ ಮೂರರದು, ರಾತ್ರಿಯದು:
ಮೂರಕ್ಕೂ ಶ್ರುತಿ ಬೇರೆ ಎಂದು ವಾದಿಸುತ್ತಿದ್ದ.
ಮಳೆ ಬಿದ್ದರೆ ಅರ್ಧ ಸ್ವರ ಇಳೀತೈತಿ ನೋಡು, ಅಂತ.
ನಾವು ನಗುತ್ತಿದ್ದೆವು.

ಆರ್ಕೆಸ್ಟ್ರಾದ ಪೋಸ್ಟರಿನಲ್ಲಿ ಅವನ ಹೆಸರು
ಎಲ್ಲಕ್ಕೂ ಕೆಳಗೆ, ಪ್ರೆಸ್ಸಿನ ವಿಳಾಸದ ಮೇಲೆ:
ಮತ್ತು ಇತರರು.
ಗಾಯಕ ಕೋಟು ಬದಲಿಸುವ ನಾಲ್ಕು ನಿಮಿಷ ಅವನ ಪಾಲು,
ಹರಿಹರದಲ್ಲಿ, ಜಗಳೂರಿನಲ್ಲಿ,
ಜನ ಉಚ್ಚೆಗೆ ಏಳುವ ಹೊತ್ತು.
ಒಮ್ಮೆ ಮಲೇಬೆನ್ನೂರಿನಲ್ಲಿ ಕರೆಂಟು ಹೋಯಿತು.
ಮೈಕಿಲ್ಲ, ಕೀಬೋರ್ಡಿಲ್ಲ. ಗಾಯಕ ಸಿಗರೇಟು ಹಚ್ಚಿದ.
ಕತ್ತಲಲ್ಲಿ ಇವನೊಬ್ಬನೇ, ಅರ್ಧ ಗಂಟೆ.
ದೀಪ ಬಂದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ.
ಒಬ್ಬ ಮುದುಕಿ ಮಾತ್ರ ಮೆಟ್ಟಿಲು ಹತ್ತಿ ಬಂದು
ಅವನ ಗಲ್ಲ ಸವರಿ, ಮಿರ್ಚಿಯ ಪೊಟ್ಟಣ ಇಟ್ಟು ಹೋದಳು.

ರೇಡಿಯೊದವರು, ಈ ವಾದ್ಯ ನಮ್ಮ ಫಾರಮಿನಲ್ಲಿಲ್ಲ, ಎಂದರು.
ಹೋಗಿಬರಲು ಬಸ್ ಚಾರ್ಜು ಹದಿನೆಂಟು ರೂಪಾಯಿ.
ವರ್ಷಗಟ್ಟಲೆ ಆ ಹದಿನೆಂಟನ್ನೇ ಬೈದ,
ಫಾರಮಿನ ಮಾತು ಎತ್ತಲಿಲ್ಲ.

ಮಿಲ್ಲು ಮುಚ್ಚಿದ ದಿನ ಸೈರನ್ನು ಕೂಗಲಿಲ್ಲ.
ಮೂರಾಯಿತು, ಮೂರೂಕಾಲಾಯಿತು. ಬುಡನ್‌ಸಾಬ
ಗೇಟಿನೆದುರು ಚಹಾದಂಗಡಿಯ ಬೆಂಚು ಹತ್ತಿ ನಿಂತು
ಆ ಸ್ವರ ನುಡಿಸಿದ. ಒಂದೇ. ಉದ್ದಕ್ಕೆ.
ಎರಡನೇ ಪಾಳಿಯವರು ರೂಢಿಯಂತೆ
ಬುತ್ತಿ ಎತ್ತಿಕೊಂಡು ನಿಂತರು,
ಆಮೇಲೆ ಒಬ್ಬೊಬ್ಬರಾಗಿ ಕೂತರು.

ಮುಂದೆ ಮಂಡಕ್ಕಿ ಭಟ್ಟಿ. ಬಿಸಿ ಮರಳು, ಹೊಟ್ಟಿನ ಹೊಗೆ.
ಎದೆಯೊಳಗಿದ್ದ ಹತ್ತಿಗೆ ಮಸಿ ಹಿಡಿಯಿತು.
ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ಡಾಕ್ಟರು,
"ಇನ್ನು ಊದಬಾರದು."
"ನಾ ಊದಂಗಿಲ್ಲ ಸಾಹೇಬ್ರ, ಎಳೀತೀನಿ."

ಒಂದೇ ಜೇಬಿನಲ್ಲಿ ಬಾಜಾ, ದಮ್ಮಿನ ಪಂಪು.
ರಾತ್ರಿ ತಡಕಾಡಿ ಒಮ್ಮೊಮ್ಮೆ
ತಪ್ಪಿದ್ದನ್ನು ಬಾಯಿಗಿಡುತ್ತಿದ್ದ.
ಯಾವುದು ತಪ್ಪು ಎಂದು ನಾನು ಹೇಳಲಾರೆ.

ಕೊನೆಕೊನೆಗೆ ನಾಲ್ಕನೆಯ ತೂತಿನ ರೀಡು ಹೋಯಿತು.
ಹೊಸದು ತರಿಸುತ್ತೇನೆಂದೆ. ಬೇಡವೆಂದ.
ಆ ಸ್ವರ ಬರಬೇಕಾದ ಕಡೆ ಬರೀ ಗಾಳಿ ಎಳೆಯುತ್ತಿದ್ದ,
ನಾನೂ ಅಲ್ಲಿ ಬೆರಳು ಎತ್ತುತ್ತಿದ್ದೆ.

ಅವನು ಹೋದ ಮೇಲೆ ಮಗಳು ಶಮೀಮ್
ಬಾಜಾ ನನಗೆ ತಂದುಕೊಟ್ಟಳು, ತೊಳೆದಿರಲಿಲ್ಲ.
ಸ್ಕ್ರೂ ಬಿಚ್ಚಿದೆ. ನಾಲ್ಕನೆಯ ತೂತಿನೊಳಗೆ
ಹತ್ತಿ. ಒಂದೇ ಒಂದು ಎಳೆ.
ಮಿಲ್ಲಿನ ಜಾಗದಲ್ಲಿ ಮನೆಗಳೆದ್ದು ಎಷ್ಟು ಕಾಲವಾಯಿತು.

ತೆಗೆಯಲಿಲ್ಲ. ಸ್ಕ್ರೂ ತಿರುಗಿ ಬಿಗಿದೆ.
ಈಗ ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನ
ಗಲ್ಲಾಪೆಟ್ಟಿಗೆಯ ಮೇಲೆ ಬೆರಳಾಡಿಸುತ್ತೇನೆ,
ಅಲ್ಲಿ ಬಂದಾಗ
ನಿಲ್ಲಿಸುತ್ತೇನೆ.